ಹಳೆಯ ರಿವಾಲ್ವರಿನ ಮೆರುಗು: ಮೂಲವೋ, ಮರುಲೇಪವೋ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನುಡಿಯ ಹಬ್ಬದಲ್ಲಿ ಆಯುಧದ ಮಾತೇಕೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಕಾರಣವುಂಟು. ನಮಗೆ ಪರಿಚಿತವಾದ ಮನೆತನವೊಂದರಲ್ಲಿ ಅಜ್ಜನ ಕಾಲದ, ಪರವಾನಗಿಯುಳ್ಳ ವೆಬ್ಲಿ ರಿವಾಲ್ವರೊಂದಿತ್ತು. ಆಯುಧಪೂಜೆಯ ದಿನ ಅದು ಹೊಸದರಂತೆ ಹೊಳೆಯಲೆಂದು ಮನೆಯವರು ಅದಕ್ಕೆ ಒಪ್ಪ ಹಾಕಿಸಿ, ಹೊಸದಾಗಿ ಕಪ್ಪುಬಣ್ಣ ಕೊಡಿಸಿ ತಂದರು. ಪೂಜೆಯೇನೋ ಚೆನ್ನಾಗಿಯೇ ನಡೆಯಿತು. ಮುಂದೆ ಪರವಾನಗಿಯ ನವೀಕರಣಕ್ಕೆ ಆಯುಧವನ್ನು ತೋರಿಸಿದಾಗ ಅದರ ಕ್ರಮಾಂಕದ ಎರಡು ಅಂಕಿಗಳು ಓದಲಾಗದಷ್ಟು ಸವೆದುಹೋಗಿದ್ದುವು. ಆ ಮನೆಯ ಹಿರಿಯರು ಹಳೆಯ ಕಾಗದಪತ್ರಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದುದನ್ನು ನಾವು ಕಣ್ಣಾರೆ ಕಂಡೆವು. ಆದಕಾರಣ ಕಾರ್ಖಾನೆಯ ಮೂಲ ಮೆರುಗನ್ನು ಗುರುತಿಸುವ ಬಗೆಯನ್ನೂ, ಅದನ್ನು ಏಕೆ ಉಳಿಸಿಕೊಳ್ಳಬೇಕೆಂಬುದನ್ನೂ ತಮ್ಮ ಮುಂದಿಡಬಯಸುತ್ತೇವೆ.

ಮೊದಲು ಈ ಮೆರುಗು ಎಂದರೇನೆಂಬುದನ್ನು ತಿಳಿಯೋಣ. ರಿವಾಲ್ವರಿನ ನೀಲಗಪ್ಪು ಬಣ್ಣವು ಮೇಲೆ ಬಳಿದ ಬಣ್ಣವಲ್ಲ. ನಯಗೊಳಿಸಿದ ಉಕ್ಕಿನ ಮೈಯನ್ನು ಹದವರಿತು ಆಮ್ಲಜನಕದೊಡನೆ ಕೂಡಿಸಿದಾಗ ಅದರ ಮೇಲೆ ತೆಳುವಾದ ಒಂದು ಪೊರೆ ಏಳುತ್ತದೆ. ಒಂದು ಬಗೆಯಲ್ಲಿ ಇದು ಪಳಗಿಸಿದ ತುಕ್ಕು. ಹಿಂದೆ ಇದನ್ನು ಕುಲುಮೆಯ ಕಾವಿನಿಂದ ಸಾಧಿಸುತ್ತಿದ್ದರು. ಅನಂತರ ಕಾಸ್ಟಿಕ್ ಸೋಡ ಹಾಗೂ ನೈಟ್ರೇಟ್ ಲವಣಗಳ ಕುದಿಯುವ ದ್ರಾವಣದಲ್ಲಿ, ಸುಮಾರು 140 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ, ಮುಳುಗಿಸುವ ಪದ್ಧತಿ ಬಂದಿತು. ನಿಕ್ಕಲ್ ಲೇಪದ ರೀತಿ ಬೇರೆ. ಅದು ವಿದ್ಯುತ್ತಿನ ನೆರವಿನಿಂದ ಉಕ್ಕಿನ ಮೇಲೆ ಕೂರಿಸಿದ ಮತ್ತೊಂದು ಲೋಹ.

ಈ ಪೊರೆ ಬಲು ತೆಳುವಾದುದರಿಂದ ಅಡಿಯ ಉಕ್ಕಿನ ಯಾವ ಕುಂದನ್ನೂ ಅದು ಮುಚ್ಚಲಾರದು. ಮತ್ತೆ ಬಣ್ಣ ಕೊಡುವವನು ಮೊದಲು ಹಳೆಯ ಮೈಯನ್ನು ಒಪ್ಪದ ಚಕ್ರಕ್ಕೆ ಹಿಡಿದು ಉಜ್ಜಬೇಕಾಗುತ್ತದೆ. ಹಾಗೆ ಉಜ್ಜುವಾಗ ಉಕ್ಕೇ ಸವೆಯುತ್ತದೆ. ಮರುಲೇಪವನ್ನು ಹೊರಗೆಡಹುವುದು ಬಹುಮಟ್ಟಿಗೆ ಬಣ್ಣವಲ್ಲ. ಅದರ ಅಡಿಯಲ್ಲಿ ನಡೆದ ಈ ಉಜ್ಜಾಟ.

ಪರೀಕ್ಷೆಯನ್ನು ಪರವಾನಗಿಯುಳ್ಳವರೇ ಮಾಡತಕ್ಕದ್ದು. ಗುಂಡಿನ ಮನೆಗಳೆಲ್ಲ ಬರಿದಾಗಿವೆಯೆಂದು ಎರಡು ಬಾರಿ ನೋಡಿಕೊಂಡ ಮೇಲೆಯೇ ಮಾಡತಕ್ಕದ್ದು. ಹಗಲು ಬೆಳಕೂ ಒಂದು ಭೂತಗನ್ನಡಿಯೂ ಇದ್ದರೆ ಸಾಕು.

ಮೊದಲು ಅಕ್ಷರಗಳನ್ನು ನೋಡಬೇಕು. ತಯಾರಕರ ಹೆಸರು, ಕ್ರಮಾಂಕ, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಪುಟ್ಟ ಕಿರೀಟದ ಮುದ್ರೆ, ಇವುಗಳ ಅಂಚು ಮೂಲ ಮೆರುಗಿನಲ್ಲಿ ಖಚಿತವಾಗಿರುತ್ತದೆ. ಉಜ್ಜಿದ ಮೈಯಲ್ಲಿ ಅಕ್ಷರದ ಒಂದು ಮಗ್ಗುಲು ಆಳವಾಗಿಯೂ ಇನ್ನೊಂದು ಮಗ್ಗುಲು ಮಾಸಿದಂತೆಯೂ ಕಾಣುತ್ತದೆ. ಎರಡನೆಯದಾಗಿ, ತಿರುಪುಮೊಳೆಗಳ ತೂತುಗಳ ಬಾಯಿ. ಬಟ್ಟೆಯ ಚಕ್ರವು ತೂತಿನ ಅಂಚನ್ನು ಎಳೆದು ತಟ್ಟೆಯಂತೆ ತಗ್ಗು ಮಾಡುತ್ತದೆ. ಮೂರನೆಯದಾಗಿ, ಸಮತಲಗಳು. ಆಯುಧವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಪ್ರತಿಬಿಂಬವು ನೀರಿನ ಅಲೆಯಂತೆ ಕದಲಿದರೆ, ಅಲ್ಲಿ ಕೈ ಆಡಿದೆಯೆಂದು ತಿಳಿಯಬೇಕು. ಚೂಪಾಗಿರಬೇಕಾದ ಮೂಲೆಗಳು ಸಾಬೂನಿನ ತುಂಡಿನಂತೆ ದುಂಡಗಾಗಿರುವುದೂ ಇದೇ ಕುರುಹು.

ಅಮೆರಿಕದ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳಲ್ಲಿ ಪಕ್ಕದ ತಗಡಿನ ಬೆಸುಗೆಯಿಲ್ಲದ ಸಂದು ಕಣ್ಣಿಗೆ ಕಾಣದಷ್ಟು ಬಿಗಿಯಾಗಿ ಕೂತಿರುತ್ತದೆ; ಉಜ್ಜಿದ ಬಳಿಕ ಆ ಗೆರೆ ಎದ್ದು ತೋರುತ್ತದೆ. ಹಿಡಿಯ ಮರದ ಹಲಗೆಗಳು ಲೋಹಕ್ಕಿಂತ ಮೇಲೆ ಚಾಚಿಕೊಂಡಿದ್ದರೆ, ಮರ ಬೆಳೆದುದಲ್ಲ, ಲೋಹ ಕರಗಿದೆ. ಅದೇ ಕಂಪೆನಿಯ ಹಳೆಯ ಮಾದರಿಗಳಲ್ಲಿ ಬಹುಪಾಲಿನ ಕುದುರೆಯೂ ಟ್ರಿಗರೂ, ಉಳಿದ ಮೈಗೆ ನಿಕ್ಕಲ್ ಲೇಪವಿದ್ದಾಗಲೂ, ಗಡಸುಗೊಳಿಸಿದ ಉಕ್ಕಿನ ಚುಕ್ಕೆ ಚುಕ್ಕೆಯ ಬಣ್ಣದಲ್ಲಿರುತ್ತವೆ. ಮರುಲೇಪದವರು ಇದನ್ನರಿಯದೆ ಎಲ್ಲವನ್ನೂ ಒಟ್ಟಿಗೆ ಅದ್ದಿಬಿಡುವುದುಂಟು. ಕುದುರೆಯೂ ಬೆಳ್ಳಗೆ ಹೊಳೆಯುತ್ತಿದ್ದರೆ ಸಂದೇಹಪಡಬೇಕು.

ತುಕ್ಕಿನ ಕುಳಿಗಳೂ ಸಾಕ್ಷಿ ಹೇಳುತ್ತವೆ. ಮೂಲ ಮೆರುಗನ್ನು ತುಕ್ಕು ತಿಂದಿದ್ದರೆ ಕುಳಿಯೊಳಗೆ ಬಣ್ಣ ಇರುವುದಿಲ್ಲ. ಕುಳಿಯ ತಳದಲ್ಲಿಯೂ ನೀಲಿಯೋ ನಿಕ್ಕಲೋ ಇದ್ದರೆ, ತುಕ್ಕು ಮೊದಲು, ಬಣ್ಣ ಆಮೇಲೆ.

ಕೊನೆಯದಾಗಿ, ಸವೆತಗಳು ತಮ್ಮತಮ್ಮೊಳಗೆ ಹೊಂದುತ್ತವೆಯೇ ಎಂದು ವಿಚಾರಿಸಬೇಕು. ಚರ್ಮದ ಒರೆಯಲ್ಲಿದ್ದ ಆಯುಧದ ನಳಿಗೆಯ ತುದಿಯೂ ಸಿಲಿಂಡರಿನ ಅಂಚೂ ಬೆಳ್ಳಗಾಗುತ್ತವೆ. ಅಂಗೈಯ ಬೆವರು ತಾಗುವ ಹಿಡಿಯ ಬೆನ್ನು ಕಂದುತ್ತದೆ. ಸಿಲಿಂಡರಿನ ಸುತ್ತ ಗೆರೆ ಬೀಳುತ್ತದೆ. ಒಳಗಿನ ಯಂತ್ರವು ಸಡಿಲಗೊಂಡು, ನಳಿಗೆಯ ಒಳಮೈ ಕೆಟ್ಟಿದ್ದೂ ಹೊರಮೈ ಮಾತ್ರ ನಿನ್ನೆ ತಂದಂತಿದ್ದರೆ, ಮುಪ್ಪಿನವನು ಮೀಸೆಗೆ ಬಣ್ಣ ಹಚ್ಚಿಕೊಂಡಂತೆಯೇ ಸರಿ. ಇವುಗಳಲ್ಲಿ ಒಂದೇ ಗುರುತನ್ನು ಹಿಡಿದು ತೀರ್ಪು ಕೊಡಬಾರದು. ಹಲವು ಗುರುತುಗಳು ಒಂದೇ ಮಾತನ್ನು ಹೇಳಬೇಕು.

ಮರುಲೇಪವೆಲ್ಲ ವಂಚನೆಯೆಂದು ನಾವು ಹೇಳುವುದಿಲ್ಲ. ಸೇನೆಯ ಶಸ್ತ್ರಾಗಾರಗಳಲ್ಲಿ ದುರಸ್ತಿಯಾಗಿ ಹೊಸ ಬಣ್ಣ ಪಡೆದ ಆಯುಧಗಳು ಎಷ್ಟೋ ಇವೆ. ಸ್ಮಿತ್ ಅಂಡ್ ವೆಸನ್ನಿನವರು ತಾವೇ ಮತ್ತೆ ಕೆಲಸ ಮಾಡಿಕೊಟ್ಟ ಆಯುಧಗಳ ಹಿಡಿಯ ಭಾಗದಲ್ಲಿ ನಕ್ಷತ್ರದ ಗುರುತನ್ನೂ, ಹಲವು ಸಲ ತಿಂಗಳು ವರ್ಷಗಳ ಅಂಕಿಗಳನ್ನೂ ಒತ್ತುತ್ತಿದ್ದುದುಂಟು. ಆ ಕಂಪೆನಿಯ ಮತ್ತು ಕೋಲ್ಟ್ ಕಂಪೆನಿಯ ಹಳೆಯ ದಾಖಲೆಗಳಿಂದ ಕ್ರಮಾಂಕವನ್ನು ಹುಡುಕಿ, ಆಯುಧವು ಕಾರ್ಖಾನೆಯಿಂದ ಯಾವಾಗ, ಯಾವ ಮೆರುಗಿನೊಡನೆ ಹೊರಟಿತೆಂದು ಪತ್ರ ಬರೆದುಕೊಡುವ ಏರ್ಪಾಡೂ ಇದೆ. ನಿಕ್ಕಲಿನಲ್ಲಿ ಹೊರಟದ್ದು ಇಂದು ನೀಲಿಯಾಗಿದ್ದರೆ ಅಲ್ಲಿಗೆ ವಾದ ಮುಗಿಯಿತು. ಆದರೆ ಆ ದಾಖಲೆಯನ್ನು ತೆರೆಯುವ ಬೀಗದ ಕೈ ಕ್ರಮಾಂಕವೇ. ಒಪ್ಪದ ಚಕ್ರವು ಮೊದಲು ನುಂಗುವುದೂ ಅದನ್ನೇ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. 1959ರ ಆಯುಧ ಅಧಿನಿಯಮದ 8ನೆಯ ಪ್ರಕರಣದಂತೆ ಬಂದೂಕು ಪಿಸ್ತೂಲುಗಳ ಮೇಲಿನ ತಯಾರಕರ ಹೆಸರನ್ನಾಗಲಿ ಕ್ರಮಾಂಕವನ್ನಾಗಲಿ ಅಳಿಸುವುದು, ತಿದ್ದುವುದು ನಿಷಿದ್ಧ. ಅಳಿಸಿದ ಗುರುತಿನ ಆಯುಧ ಯಾರ ವಶದಲ್ಲಿದೆಯೋ ಅವರೇ ಅಳಿಸಿದರೆಂದು, ಬೇರೆ ಸಾಬೀತಾಗುವವರೆಗೆ, ಭಾವಿಸಲಾಗುವುದು. ನಾವು ಹೇಳಿದ ಮನೆಯವರು ದೇವರ ಮುಂದೆ ಭಕ್ತಿಯಿಂದ ಇಡಲೆಂದು ಮಾಡಿಸಿದ ಕೆಲಸವೇ ಅವರ ಮೇಲೆ ಸಂದೇಹವನ್ನು ತಂದಿತು. ಹಳೆಯ ಪರವಾನಗಿಯಲ್ಲಿ ಕ್ರಮಾಂಕವು ಸ್ಪಷ್ಟವಾಗಿ ಬರೆದಿದ್ದುದರಿಂದ ಕಡೆಗೆ ಪಾರಾದರು.

ಹಾಗಾದರೆ ಮಾಡಬೇಕಾದುದೇನು? ಮೆತ್ತನೆಯ ಬಟ್ಟೆ, ತುಸು ಎಣ್ಣೆ, ಇಷ್ಟೇ. ಮರಳುಕಾಗದ ಬೇಡ, ಹುಣಿಸೆಹಣ್ಣು ಬೇಡ, ಹಿತ್ತಾಳೆಯ ಪಾತ್ರೆ ಬೆಳಗುವ ಪುಡಿಯೂ ಬೇಡ. ಚರ್ಮದ ಒರೆಯಲ್ಲಿಟ್ಟು ವರ್ಷಗಟ್ಟಲೆ ಮರೆಯಬಾರದು. ಚರ್ಮವು ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹಳೆಯ ವಸ್ತುಗಳನ್ನು ಬಲ್ಲವರು ಅರ್ಧ ಸವೆದ ಮೂಲ ಮೆರುಗಿಗೆ ಕೊಡುವಷ್ಟು ಬೆಲೆಯನ್ನು ಕನ್ನಡಿಯಂತಹ ಹೊಸ ಮೆರುಗಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಗಡಿಯಲ್ಲಿ ಬಾಳುವ ನಮಗೆ ಈ ಮಾತು ಹೊಸತಲ್ಲ. ಗುಡಿಯ ಗೋಡೆಗೆ ವರ್ಷವರ್ಷವೂ ಸುಣ್ಣ ಬಳಿದು, ಅದರ ಅಡಿಯ ಕನ್ನಡ ಶಾಸನವು ಕಾಣದಂತಾದಾಗ ನಾವು ಮರುಗುತ್ತೇವೆ. ಈ ನೆಲದಲ್ಲಿ ನಮ್ಮ ನುಡಿಗೆ ಅದೇ ಸಾಕ್ಷಿಯಾಗಿತ್ತೆನ್ನುತ್ತೇವೆ. ಮನೆಯ ಪೆಟ್ಟಿಗೆಯಲ್ಲಿರುವ ವಸ್ತುವಿಗೂ ಅದೇ ನ್ಯಾಯ. ಅಜ್ಜನ ಅಂಗೈಯಿಂದ ಸವೆದ ಗುರುತನ್ನು ಉಜ್ಜಿ ತೆಗೆದ ಮೇಲೆ ಯಾವ ಬೆಲೆ ಕೊಟ್ಟರೂ ಅದನ್ನು ಮತ್ತೆ ಪಡೆಯಲಾಗದು. ಬರುವ ಆಯುಧಪೂಜೆಗೆ ಅರಿಶಿನ ಕುಂಕುಮ ಹೂವುಗಳನ್ನಿಟ್ಟರೆ ಸಾಕು; ಹೊಳಪು ಬೇಡ.