‘ನಿಂಗೇನಪ್ಪ, 371ಜೆ ಇದೆಯಲ್ಲ!’

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಬೆಂಗಳೂರಿಗೆ ಓದಲಿಕ್ಕೆ ಬಂದವರು ಈ ಮಾತು ಕೇಳೇ ಇರ್ತೀರಿ. ನಿನ್ನ ಸೀಟು ನಿನ್ನ ಓದಿಂದ ಬಂದದ್ದಲ್ಲ, ಸರ್ಕಾರ ಕೊಟ್ಟದ್ದು ಅನ್ನೋದು ಅದರರ್ಥ.

ಈ ವಾದ ಇವತ್ತಿನದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1872ರಿಂದ ಪ್ರೊಫೆಸರ್ ಆಗಿದ್ದ ವಿಲಿಯಂ ಗ್ರಹಾಂ ಸಮ್ನರ್ ಇದನ್ನ ತತ್ವವಾಗಿಯೇ ಕಟ್ಟಿದ. 1883ರಲ್ಲಿ ಆತ ಹಾಕಿದ ಲೆಕ್ಕ ಹಿಂಗದ: ಎ ಮತ್ತು ಬಿ ಕೂತು, ಕಷ್ಟದಲ್ಲಿರೋ ಡಿಗೆ ನೆರವಾಗೋಣ ಅಂತ ಕಾನೂನು ಮಾಡ್ತಾರೆ. ಅದರ ಖರ್ಚು ಹೊರೋನು ಸಿ. ಅವನನ್ನ ಯಾರೂ ಕೇಳಲ್ಲ. ತನ್ನ ಪಾಡಿಗೆ ದುಡಿದು ತೆರಿಗೆ ಕಟ್ಟೋ ಅವನೇ ‘ಮರೆತುಹೋದ ಮನುಷ್ಯ’.

ಪ್ರಶ್ನೆ ಗಟ್ಟಿ ಅದ, ತಳ್ಳಿಹಾಕಬ್ಯಾಡ್ರಿ. ಆಮದು ಸುಂಕದ ಆಸರೆ ಬೇಡುತ್ತಿದ್ದ ಕಾರ್ಖಾನೆ ಮಾಲೀಕರನ್ನೂ ಸಮ್ನರ್ ಬಿಟ್ಟವನಲ್ಲ. ಆತನ ವಾದ ಎತ್ತೋರು ಇದನ್ನ ಮಾತ್ರ ಹೇಳಲ್ಲ.

ಆದರೆ ಆ ಲೆಕ್ಕದಲ್ಲಿ ಹಳೇ ಬಾಕಿ ಇಲ್ಲ. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ರಾಜ್ಯ. ಆಡಳಿತ ಉರ್ದು, 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಕನ್ನಡದ ಹುಡುಗ ಓಟ ಶುರುಮಾಡಿದ್ದೇ ಹಿಂದಿನಿಂದ. ಇನ್ನು ಶಹಾಬಾದಿನ ಫರ್ಸಿ ಎಷ್ಟೋ ಊರಿನ ಮನೆಗಳ ನೆಲವಾಯ್ತು, ವಾಡಿಯ ಸಿಮೆಂಟ್ ಗೋಡೆಯಾಯ್ತು. ಆ ಕಲ್ಲು ಒಡೆದ ಕೂಲಿಯವನು ಸಿ ಏನ್ರಿ, ಡಿ ಏನ್ರಿ? ನನ್ನ ಪ್ರಕಾರ, ನಮ್ಮ ಕಡೆ ಮರೆತುಹೋದ ಮನುಷ್ಯ ಅವನೇ. 2012ರ ಕೊನೆಗೆ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ 371ಜೆ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ಉಳಿದ ರಾಜ್ಯದಲ್ಲಿ ಶೇ 8 ಸೀಟು.

ಸಮ್ನರ್ ಬದುಕನ್ನೂ ನೋಡ್ರಿ. ಇಂಗ್ಲೆಂಡಿನಿಂದ ವಲಸೆ ಬಂದ ಕುಶಲಕರ್ಮಿಯ ಮಗ. ಯೇಲ್ ಮುಗಿಸಿ ಯುರೋಪಿಗೆ ಓದಲು ಹೋದದ್ದು ಸಹಪಾಠಿಯೊಬ್ಬನ ಅಣ್ಣನ ದುಡ್ಡಿನಲ್ಲಿ! ಅದು ಗೆಳೆತನದ ನೆರವು, ಸರ್ಕಾರದ ಬಲವಂತ ಅಲ್ಲ ಅನ್ನಬಹುದು. ಸರಿ, ಒಪ್ಪಿದೆ. ಆದ್ರ ಚಿಂಚೋಳಿಯ ತಾಂಡಾದ ಹುಡುಗಿಗೆ ಅಂಥ ಶ್ರೀಮಂತ ಗೆಳತಿ ಎಲ್ಲಿಂದ ಬರಬೇಕು?

ಹಂಗಂತ ಸಮ್ನರ್ ಪ್ರಶ್ನೆ ನಮ್ಮನ್ನೂ ಬಿಡಲ್ಲ. 371ಜೆ ಪ್ರಮಾಣಪತ್ರಕ್ಕೆ ಆದಾಯ ನೋಡಲ್ಲ. ಕಲಬುರಗಿ ಸಿಟಿಯಲ್ಲಿ ದುಬಾರಿ ಕೋಚಿಂಗ್ ಪಡೆದವನೂ ಆ ಹುಡುಗಿಯೂ ಒಂದೇ ಸಾಲಿನಲ್ಲಿ ನಿಲ್ತಾರ. ಅಲ್ಲಿ ಸಿ ಯಾರು?