ದುಬೈಗೆ ಹೊರಟವರ ಹೆಸರು



ಕೆಲವು ತಿಂಗಳಿಂದ ನೊಣವಿನಕೆರೆ, ಹುಳಿಯಾರು, ದಂಡಿನಶಿವರ ಎಲ್ಲ ಕಡೆಯಿಂದಲೂ ಒಂದೇ ಪ್ರಶ್ನೆ ಬರುತ್ತಿದೆ. “ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ, ಒಂದ್ಸಲ ಬಂದು ಹೋಗಿ ಅಂತಾನೆ. ಕೊಬ್ಬರಿ ದುಡ್ಡೂ ಕೈಗೆ ಬಂದಿದೆ. ಆದ್ರೆ ಟೀಚರ್, ವೀಸಾ ಬಂದೋರ್ನೂ ಏರ್‌ಪೋರ್ಟಿಂದ ವಾಪಸ್ ಕಳಿಸ್ತಾರಂತೆ, ನಿಜವಾ?” ನಿಜ. ನಮ್ಮ ಮನೆಯಲ್ಲೇ ಆಗಿದೆ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವುದು, ಟಿಕೆಟ್ ಹುಡುಕುವುದು ನಿಮ್ಮ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ನಾನು ಹೋಗುವುದಿಲ್ಲ. ಮಕ್ಕಳ ಕಣ್ಣಿಗೂ ಬೀಳದೆ ತಪ್ಪಿಹೋಗುವುದನ್ನು ಹೇಳುತ್ತೇನೆ.

ಮೊದಲು ಕಾಲ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ಹೋಗೋಣ ಎಂದು ಬಹಳ ಜನ ಯೋಚಿಸುತ್ತಾರೆ. ಬೇಡ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹಗಲು 40 ಡಿಗ್ರಿ ದಾಟುವುದು ಮಾಮೂಲು. ಮರಳುಗಾಡಿನದು ಒಣ ಬಿಸಿಲು, ನೆರಳಿಗೆ ಬಂದರೆ ಆಯಿತು ಎಂದು ವಾದಿಸುವವರು ಪ್ರತಿ ಊರಲ್ಲೂ ಒಬ್ಬರು ಸಿಗುತ್ತಾರೆ. ದುಬೈ ಸಮುದ್ರದ ದಂಡೆಯ ಊರು. ಜುಲೈ, ಆಗಸ್ಟ್‌ನಲ್ಲಿ ಗಾಳಿಯಲ್ಲಿ ತೇವ ತುಂಬಿ ಮೈಯ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. 800 ಮೀಟರಿಗೂ ಎತ್ತರದ ನಮ್ಮ ತಿಪಟೂರು ಸೀಮೆಯಲ್ಲಿ, ತೆಂಗಿನ ನೆರಳಲ್ಲಿ ಬಾಳಿದ ವಯಸ್ಸಾದ ದೇಹ ಅದನ್ನು ತಾಳುವುದು ಕಷ್ಟ.

ಹಿತವಾದ ಕಾಲ ನವೆಂಬರಿನಿಂದ ಮಾರ್ಚ್. ನವೆಂಬರಿನಲ್ಲಿ ನಮಗೆ ರಾಗಿ ಕೊಯ್ಲು. ಡಿಸೆಂಬರ್ ಕೊನೆಗೆ ವಿಮಾನದ ದರ ಏರಿ ಕೂತಿರುತ್ತದೆ. ಕಣದ ಕೆಲಸ ಮುಗಿಸಿ, ಸಂಕ್ರಾಂತಿ ಮಾಡಿ ಹೊರಡುವುದು ನಮ್ಮ ಕಡೆಯ ಬೇಸಾಯಕ್ಕೆ ಹೊಂದುತ್ತದೆ. ಆದರೆ ರಂಜಾನ್ ತಿಂಗಳು ಯಾವಾಗ ಬೀಳುತ್ತದೆ ನೋಡಿಕೊಳ್ಳಿ. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಸೇರಿಸಿ ಚಂದ್ರನ ಲೆಕ್ಕವನ್ನು ಸೂರ್ಯನ ಲೆಕ್ಕಕ್ಕೆ ಹೊಂದಿಸುತ್ತೇವೆ. ಹಿಜರಿ ಲೆಕ್ಕದಲ್ಲಿ ಅಧಿಕಮಾಸವಿಲ್ಲ, ಹಾಗಾಗಿ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಅದು ಫೆಬ್ರುವರಿ 8ರ ಸುಮಾರಿಗೆ ಶುರು. ಆ ತಿಂಗಳು ಹೋಗಬಾರದೆಂದಿಲ್ಲ. ಅಂಗಡಿ ಮುಂಗಟ್ಟುಗಳ ವೇಳೆ ಬದಲಾಗುತ್ತದೆ, ಹಗಲು ಬೀದಿಯಲ್ಲಿ ನಿಂತು ತಿನ್ನುವುದು ಕುಡಿಯುವುದು ಸಲ್ಲದು. ಸಕ್ಕರೆ ಕಾಯಿಲೆಯವರು ಯೋಚಿಸಬೇಕು. ಚಿಕ್ಕನಾಯಕನಹಳ್ಳಿಯ ಮುಸ್ಲಿಂ ಸಂತ ತಾತಯ್ಯನ ಗೋರಿಗೆ ಹೋಗಿ ಬರುವ ನಮ್ಮ ಜನಕ್ಕೆ ಆ ಮರ್ಯಾದೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ವಾಪಸ್ ಕಳಿಸಿದ ಮಾತಿಗೆ, ಅಂದರೆ ಹೆಸರಿಗೆ ಬರುತ್ತೇನೆ. 2023ರ ಜನವರಿ. ದುಬೈಯಲ್ಲಿ ನನ್ನ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ನಾನು, ನನ್ನ ಓರಗಿತ್ತಿ ಇಬ್ಬರೂ ಹೊರಟೆವು. ಕೈಯಲ್ಲಿ ವೀಸಾ ಇತ್ತು, ಟಿಕೆಟ್ ಇತ್ತು. ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನನ್ನದು ಆಯಿತು. ಅವಳ ಪಾಸ್‌ಪೋರ್ಟ್ ಹಿಡಿದ ಹುಡುಗಿ ತಿರುವಿ ನೋಡಿದಳು, ಇನ್ನೊಬ್ಬರನ್ನು ಕರೆದಳು. “ಅಮ್ಮಾ, ಇವರಿಗೆ ಒಂದೇ ಹೆಸರಿದೆ, ಕಳಿಸೋಕಾಗಲ್ಲ.” ರಾತ್ರಿ ಒಂದು ಗಂಟೆಯ ಹೊತ್ತಿನಲ್ಲಿ ಅವಳು ಒಬ್ಬಳೇ ಬ್ಯಾಗು ಹಿಡಿದು ಆಚೆ ನಡೆದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಯಾಕೆ ಹೀಗಾಯಿತು? ಪಾಸ್‌ಪೋರ್ಟ್‌ನಲ್ಲಿ ಹೆಸರಿಗೆ ಎರಡು ಖಾನೆ. ಒಂದು ಸರ್‌ನೇಮ್, ಇನ್ನೊಂದು ಗಿವನ್ ನೇಮ್. ನಮ್ಮ ಕಡೆ ಮನೆತನದ ಹೆಸರು ಬರೆಯುವ ರೂಢಿಯೇ ಕಡಿಮೆ. ರಂಗಮ್ಮ ಅಂದರೆ ರಂಗಮ್ಮ, ಈರಣ್ಣ ಅಂದರೆ ಈರಣ್ಣ. ಶಾಲೆಯ ದಾಖಲೆಯಲ್ಲಿ ಹಾಗೇ, ಪಹಣಿಯಲ್ಲಿ ಹಾಗೇ, ಆಧಾರ್‌ನಲ್ಲೂ ಹಾಗೇ. ಪಾಸ್‌ಪೋರ್ಟ್‌ಗೆ ಅದೇ ಹೋಗುತ್ತದೆ, ಒಂದು ಖಾನೆ ಖಾಲಿ ಉಳಿಯುತ್ತದೆ. ಫೋಟೊ ಇರುವ ಪುಟದ ಅಡಿಯಲ್ಲಿ ಬಾಣದ ತುದಿಯಂಥ ಗುರುತು ತುಂಬಿದ ಎರಡು ಸಾಲು ಇದೆಯಲ್ಲ, ಯಂತ್ರ ಓದುವುದು ಅದನ್ನು. ಸರ್‌ನೇಮ್ ಮುಗಿದು ಗಿವನ್ ನೇಮ್ ಶುರುವಾಗುವ ಕಡೆ ಆ ಗುರುತು ಜೋಡಿಯಾಗಿ ಬರುತ್ತದೆ. ಒಂದೇ ಹೆಸರಿನವರಲ್ಲಿ ಯಂತ್ರಕ್ಕೆ ಆ ಎರಡನೇ ಭಾಗ ಸಿಗುವುದೇ ಇಲ್ಲ. 2022ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ, ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಸಡಿಲಿಕೆಯೂ ಬಂತು: ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಬಿಡಬಹುದು ಎಂದು. ನಮ್ಮ ಓರಗಿತ್ತಿಯ ಅರ್ಜಿ ಹಾಕಿದ ಏಜೆಂಟ್ ಮೊದಲ ಪುಟ ಮಾತ್ರ ಕಳಿಸಿದ್ದ. ವೀಸಾ ಒಂದೇ ಹೆಸರಿನಲ್ಲಿ ಬಂತು. ಯಾರೂ ಓದಲಿಲ್ಲ. ನಾನೂ ಓದಲಿಲ್ಲ, ಮೂವತ್ತು ವರ್ಷ ಹಾಜರಿ ಪುಸ್ತಕ ಓದಿದವಳು.

“ವೀಸಾ ಕೊಟ್ಟಮೇಲೆ ತಡೆಯೋಕೆ ಇವರ್ಯಾರು?” ಎಂದು ಊರಲ್ಲಿ ಎಲ್ಲರೂ ಕೇಳಿದರು. ಈ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ವೀಸಾ ಎಂದರೆ ಬಾಗಿಲವರೆಗೆ ಬರಲು ಕೊಟ್ಟ ಒಪ್ಪಿಗೆ. ಒಳಗೆ ಬಿಡುವುದು ಬಾಗಿಲಲ್ಲಿ ಕೂತವರ ಕೈಯಲ್ಲಿದೆ. ಅವರು ಒಳಗೆ ಬಿಡದಿದ್ದರೆ ಕರೆತಂದ ವಿಮಾನ ಕಂಪನಿಯೇ ವಾಪಸ್ ಕೊಂಡೊಯ್ಯಬೇಕು. ಅದಕ್ಕೇ ಕಂಪನಿಯವರು ಬೆಂಗಳೂರಿನಲ್ಲೇ ಅಷ್ಟು ಬಿಗಿಯಾಗಿ ನೋಡುತ್ತಾರೆ. ಇನಿಷಿಯಲ್ ಇದೆಯಲ್ಲ ಎನ್ನುತ್ತೀರಿ. ಒಂದಕ್ಷರದ ಇನಿಷಿಯಲ್ ಹೆಸರಲ್ಲ, ಅದನ್ನು ಬಿಡಿಸಿ ಬರೆಸಬೇಕು. ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಟಿಕೆಟ್‌ಗಿಂತ ಮೊದಲು ಪಾಸ್‌ಪೋರ್ಟ್ ತೆರೆಯಿರಿ, ಎರಡೂ ಖಾನೆಯಲ್ಲಿ ಅಕ್ಷರವಿದೆಯೇ ನೋಡಿ. ಒಂದು ಖಾಲಿಯಿದ್ದರೆ ತಂದೆಯದೋ ಗಂಡನದೋ ಹೆಸರು ಸೇರಿಸಿ ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ. ತಿಂಗಳುಗಳು ಹಿಡಿಯಬಹುದು. ಸಂಕ್ರಾಂತಿಗೆ ಹೊರಡುವವರು ಶ್ರಾವಣದಲ್ಲೇ ಕೈಹಾಕಿ. ಅಷ್ಟು ಸಮಯವಿಲ್ಲದವರು ಎರಡೂ ಪುಟ ಕಳಿಸಿ, ಬಂದ ವೀಸಾದ ಮೇಲೆ ತಂದೆಯ ಹೆಸರು ಇದೆಯೇ ಎಂದು ಅಕ್ಷರ ಅಕ್ಷರ ಕೂಡಿಸಿ ಓದಿ. ಓರಗಿತ್ತಿ ಹೆಸರು ಸರಿಮಾಡಿಸಿಕೊಂಡು ಮರುವರ್ಷ ಹೋಗಿಬಂದಳು. ಅಷ್ಟರಲ್ಲಿ ಮಗು ನಡೆಯುತ್ತಿತ್ತು.

ಇದಕ್ಕೇ ಇಷ್ಟು ಹೊತ್ತಾಯಿತು. ಉಳಿದ ಕಾಗದಗಳನ್ನು ಬೇಗ ಹೇಳುತ್ತೇನೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. 2024ರ ಕೊನೆಯಿಂದ ಹಿಂತಿರುಗುವ ಟಿಕೆಟ್, ಉಳಿಯುವ ಜಾಗದ ಪುರಾವೆ, ಕೈಯಲ್ಲಿ ಹಣವಿದೆ ಎಂಬ ದಾಖಲೆ ಇವನ್ನು ಹೆಚ್ಚು ಬಿಗಿಯಾಗಿ ಕೇಳುತ್ತಿದ್ದಾರೆ. ಮಗನ ಮನೆಯಲ್ಲಿ ಇಳಿಯುವವರು ಅವನ ಬಾಡಿಗೆ ಕರಾರು, ಅಲ್ಲಿನ ಗುರುತಿನ ಚೀಟಿಯ ನಕಲು ತರಿಸಿಕೊಳ್ಳಿ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ.

ಇನ್ನು ಬ್ಯಾಗು. ಬಾಣಂತಿಗೆಂದು ನಾನು ಅಂಟಿನುಂಡೆ ಕಟ್ಟಿದ್ದೆ, ಮನೆಯ ಅಟ್ಟದಲ್ಲಿ ಒಣಗಿದ ಗಿಟುಕು ಕೊಬ್ಬರಿ ಬೇರೆ ಇಟ್ಟಿದ್ದೆ. ಗಿಟುಕನ್ನು ಬೆಂಗಳೂರಿನಲ್ಲೇ ತೆಗೆಸಿದರು. ತಿಪಟೂರು ಸೀಮೆಯವರಿಗೆ ಇದು ಅವಮಾನ ಅನ್ನಿಸುತ್ತದೆ. ಕಾರಣ ತಿಳಿದರೆ ಅನ್ನಿಸುವುದಿಲ್ಲ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಣ್ಣೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಚೀಲದಲ್ಲಿ ಒತ್ತಿ ತುಂಬಿ ನಾಲ್ಕು ದಿನ ಬಿಟ್ಟು ಕೈಹಾಕಿದರೆ ಒಳಗೆ ಬೆಚ್ಚಗಿರುವುದನ್ನು ನೀವೇ ಕಂಡಿದ್ದೀರಿ. ಎಣ್ಣೆ ಗಾಳಿಯೊಡನೆ ಬೆರೆತು ಕಾವು ಹುಟ್ಟುತ್ತದೆ, ತೇವವಿದ್ದರೆ ಬೂಷ್ಟೂ ಕಾವು ಕೂಡಿಸುತ್ತದೆ. ಆ ಕಾವು ಹೊರಹೋಗಲು ದಾರಿಯಿಲ್ಲದಿದ್ದರೆ ಬೆಂಕಿಯವರೆಗೂ ಹೋಗಬಹುದು. ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ. ಕೈಚೀಲದಲ್ಲೂ ಬೇಡ, ದೊಡ್ಡ ಬ್ಯಾಗಿನಲ್ಲೂ ಬೇಡ.

ಅದಕ್ಕಿಂತ ಘೋರವಾದದ್ದು ಗಸಗಸೆ. ಅಂಟಿನುಂಡೆಗೆ ಗಸಗಸೆ ಹಾಕುವುದು ನಮ್ಮ ರೂಢಿ. ಅಲ್ಲಿನ ಕಾನೂನಿನಲ್ಲಿ ಅದು ಮಾದಕ ವಸ್ತು. ಒಂದು ಚಿಟಿಕೆಯೂ ಬೇಡ, ಪೊಟ್ಟಣ ಕಟ್ಟಿದ್ದ ಹಳೆಯ ಚೀಲವನ್ನೂ ಒಯ್ಯಬೇಡಿ. ಮಗಳು ಮೊದಲೇ ಫೋನಿನಲ್ಲಿ ಎಚ್ಚರಿಸಿದ್ದರಿಂದ ನನ್ನ ಉಂಡೆಯಲ್ಲಿ ಅದಿರಲಿಲ್ಲ. ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿದೆ. ಎಲೆ ಅಡಿಕೆ ಬಿಟ್ಟಿರಲಾರದ ಹಿರಿಯರಿಗೆ ಈಗಲೇ ಹೇಳಿಬಿಡಿ. ಕೆಮ್ಮಿನ, ನೋವಿನ ಕೆಲವು ಔಷಧಿಗಳಿಗೂ ಮುಂಚಿತ ಅನುಮತಿ ಬೇಕು. ವೈದ್ಯರ ಚೀಟಿ ಜೊತೆಗಿರಲಿ.

ಹಣದ ವಿಚಾರಕ್ಕೆ ಉಳಿದಿರುವುದು ಎರಡೇ ನಿಮಿಷ. ದಿರ್ಹಂ ಅನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ: ಒಂದು ಡಾಲರಿಗೆ 3.6725 ದಿರ್ಹಂ, 1997ರಿಂದ ಹೀಗೇ. ಡಾಲರು 90 ರೂಪಾಯಿ ಇದ್ದರೆ ದಿರ್ಹಂ ಇಪ್ಪತ್ತನಾಲ್ಕೂವರೆ. ಅಲ್ಲಿ ಯಾವ ದರ ಏರದಿದ್ದರೂ ಡಾಲರು ಏರಿದರೆ ನಿಮಗೆ ದುಬೈ ತುಟ್ಟಿಯಾಗುತ್ತದೆ. ತಿಂಗಳೊಳಗಿನ ಭೇಟಿಗೆ ತಲೆಗೆ 3,000 ದಿರ್ಹಂ ತೋರಿಸಬೇಕು ಎಂದರೆ ಈ ಲೆಕ್ಕದಲ್ಲಿ 73,500 ರೂಪಾಯಿ. 2025ರಲ್ಲಿ ತಿಪಟೂರು ಹರಾಜಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25,000 ದಾಟಿದಾಗ ಅದು ಮೂರು ಕ್ವಿಂಟಲ್ ಮಾತು. 2023ರಲ್ಲಿ 8,000ದ ಆಸುಪಾಸಿಗೆ ಬಿದ್ದಿದ್ದಾಗ ಅದಕ್ಕೇ ಒಂಬತ್ತು ಕ್ವಿಂಟಲ್‌ಗೂ ಹೆಚ್ಚು ಬೇಕಿತ್ತು. ಅಟ್ಟದ ಮೇಲಿರುವ ಕಾಯಿಗೆ ಇವತ್ತಿನ ದರ ಹಾಕಿ ಟಿಕೆಟ್ ಬುಕ್ ಮಾಡಬೇಡಿ. ಕೊಬ್ಬರಿ ತೂಗಿ, ಹಣ ಖಾತೆಗೆ ಬಂದಮೇಲೆ ಮಾಡಿ. ವೀಸಾ ತಿರಸ್ಕಾರವಾದರೆ ಶುಲ್ಕ ವಾಪಸ್ ಬರುವುದಿಲ್ಲ, ಅದಕ್ಕೂ ಒಂದಿಷ್ಟು ಮೀಸಲಿಡಿ.

ಅಲ್ಲಿ ಖರ್ಚು ಹಿಡಿತದಲ್ಲಿಡಲು ಮೆಟ್ರೊ ಇದೆ. ಹಳೇ ಊರಿನ ಖಾಡಿಯಲ್ಲಿ ಬರ್ ದುಬೈಯಿಂದ ದೇರಾಕ್ಕೆ ಒಂದೇ ದಿರ್ಹಂಗೆ ದೋಣಿಯಲ್ಲಿ ದಾಟಿಸುತ್ತಾರೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಹತ್ತುವ ಟಿಕೆಟ್ ಸಂಜೆ ಹೊತ್ತಿಗೆ ದುಬಾರಿ. ಕೆಳಗೆ ನಿಂತು ನೋಡಲು ಕಾಸು ಬೇಕಿಲ್ಲ. ಚಿನ್ನದ ಬಗ್ಗೆ ಕೇಳಿದವರಿಗೆ: ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಬರುವವರಿಗೆ ಮಾತ್ರ. ಹದಿನೈದು ದಿನಕ್ಕೆ ಹೋಗಿಬರುವ ನಮಗೆ ಅದು ಸಿಗುವುದಿಲ್ಲ. ಮದುವೆಯ ಒಡವೆ ಅಲ್ಲೇ ಮಾಡಿಸೋಣ ಎಂದು ಲೆಕ್ಕ ಹಾಕಿದ್ದರೆ ಆ ಬಾಬ್ತನ್ನು ಪಟ್ಟಿಯಿಂದ ತೆಗೆಯಿರಿ.