ಗೋಧಿಯನ್ನು ಬಿಡಬೇಕೆ?



“ಗೋಧಿ ಬಿಟ್ಟೆ, ಮೈ ಹಗುರಾಯಿತು” ಎನ್ನುವವರು ಈಗ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಕೆಲವರು ಸಕ್ಕರೆ ಕಾಯಿಲೆಗೆಂದು, ಕೆಲವರು ತೂಕ ಇಳಿಸಲೆಂದು, ಇನ್ನು ಕೆಲವರು ಪಕ್ಕದ ಮನೆಯವರು ಬಿಟ್ಟರೆಂದು ಬಿಡುತ್ತಾರೆ. ಹೀಗೆ ಬಿಟ್ಟವರೇ ಬೆಳಿಗ್ಗೆ ರವೆ ಉಪ್ಪಿಟ್ಟು ತಿಂದು, ಚಹದಲ್ಲಿ ಎರಡು ಬಿಸ್ಕತ್ತು ಅದ್ದಿಕೊಳ್ಳುವುದನ್ನೂ ನೀವು ನೋಡಿರಬಹುದು. ಉಪ್ಪಿಟ್ಟಿನ ರವೆಯೂ ಗೋಧಿಯೇ, ಬಿಸ್ಕತ್ತಿನ ಮೈದಾ ಕೂಡ ಗೋಧಿಯೇ! ಆದ್ದರಿಂದ ಯಾರು ಬಿಡಬೇಕು, ಏನನ್ನು ಬಿಡಬೇಕು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರನ್ನೇ ತೆಗೆದುಕೊಳ್ಳಿ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೈಲಾರ ಮಹದೇವಪ್ಪನವರ ಊರು ಅದು. ಹಾವೇರಿಯಿಂದ ರಾಣೇಬೆನ್ನೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿದೆ. ಆ ಸೀಮೆಯಲ್ಲಿ ದಿನದ ಊಟವೆಂದರೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ಗೋಧಿ ಅಲ್ಲಿಗೆ ಪರಕೀಯವೇನಲ್ಲ. ಧಾರವಾಡ ಸೀಮೆಯಲ್ಲಿ ಜವೆ ಗೋಧಿಯನ್ನು ಬಹುಕಾಲದಿಂದ ಬೆಳೆಯುತ್ತ ಬಂದಿದ್ದಾರೆ. ಆದರೆ ಅದು ಹಬ್ಬದ ಧಾನ್ಯವಾಗಿತ್ತು. ಹುಗ್ಗಿ, ಮಾದಲಿ, ಹೋಳಿಗೆ, ಶಾವಿಗೆಗಳಲ್ಲಿ ಅದರ ಸರದಿ ಬರುತ್ತಿತ್ತು. ಈಗ ಸರದಿ ಅದಲುಬದಲಾಗಿದೆ. ಬ್ರೆಡ್ಡು, ಬನ್ನು, ಪರೋಟ, ಸಮೋಸ, ಗೋಬಿ ಮಂಚೂರಿಯ ಮೇಲಿನ ಹೊದಿಕೆ, ಹೀಗೆ ಮೈದಾ ದಿನವೂ ಯಾವುದೋ ವೇಷದಲ್ಲಿ ಹೊಟ್ಟೆಗೆ ಇಳಿಯುತ್ತದೆ. ಸುತ್ತಲಿನ ಹೊಲಗಳಲ್ಲಿ ಎದ್ದು ಕಾಣುವುದು ಗೋವಿನಜೋಳ. ಅದು ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಹೋಗುತ್ತದೆ, ಗಂಗಾಳಕ್ಕೆ ಬರುವುದು ಕಡಿಮೆ.

ಹಾಗಾದರೆ ಗೋಧಿಯಲ್ಲಿ ಅಂಥದ್ದೇನಿದೆ? ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಿ. ಒಂದು ಹಿಡಿ ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿ ಅರ್ಧ ಗಂಟೆ ಬಿಡಿ. ಅನಂತರ ನೀರಿನ ಪಾತ್ರೆಯಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ಹಾಲಿನಂತೆ ಬಿಳಿಯಾದ ನೀರು ಇಳಿಯುತ್ತದೆ, ಅದು ಪಿಷ್ಟ. ಕೊನೆಗೆ ಕೈಯಲ್ಲಿ ಉಳಿಯುವುದು ರಬ್ಬರಿನಂತೆ ಜಗ್ಗುವ ಒಂದು ಸಣ್ಣ ಮುದ್ದೆ. ಅದೇ ಗ್ಲುಟೆನ್ ಎಂಬ ಪ್ರೋಟೀನು. ಚಪಾತಿ ಹರಿಯದೆ ಲಟ್ಟಿಸಲು ಬರುವುದು, ಬ್ರೆಡ್ಡು ಉಬ್ಬುವುದು ಅದರಿಂದಲೇ. ಜೋಳದ ಹಿಟ್ಟಿಗೆ ಇದೇ ಪ್ರಯೋಗ ಮಾಡಿದರೆ ಮುದ್ದೆ ಉಳಿಯುವುದಿಲ್ಲ, ಎಲ್ಲವೂ ನೀರಿನಲ್ಲಿ ಚದುರಿಹೋಗುತ್ತದೆ. ರೊಟ್ಟಿ ಮಾಡುವಾಗ ನಿಮ್ಮ ತಾಯಿಯವರು ಹಿಟ್ಟಿಗೆ ಕುದಿಯುವ ಎಸರನ್ನು ಹಾಕಿ, ಕೈಯಿಂದ ತಟ್ಟುವುದು ಈ ಕಾರಣಕ್ಕೆ. ಬಿಸಿನೀರಿನಲ್ಲಿ ಬೆಂದ ಪಿಷ್ಟವೇ ಅಲ್ಲಿ ಅಂಟಿನ ಕೆಲಸ ಮಾಡುತ್ತದೆ.

ಈ ಗ್ಲುಟೆನ್ ಹೆಚ್ಚಿನ ಜನರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಕೆಲವರ ದೇಹ ಇದನ್ನು ಶತ್ರುವೆಂದು ಭಾವಿಸಿ, ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡಿಕೊಳ್ಳುತ್ತದೆ. ಇದಕ್ಕೆ ಸೀಲಿಯಾಕ್ ಕಾಯಿಲೆ ಎಂದು ಹೆಸರು. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಕ್ಕಳು ಬೆಳೆಯುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತಹೀನತೆ ಹೋಗುವುದಿಲ್ಲ. ಇದರ ಮೂಲ ಗೋಧಿಯಲ್ಲಿದೆ ಎಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಮೊದಲೇ ಗೋಧಿಯ ಮೇಲೆ ಅನುಮಾನವಿದ್ದ ಡಿಕೆಯವರು 1950ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು.

ನಮ್ಮ ದೇಶದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಕುತೂಹಲಕರವಾಗಿದೆ. ಉತ್ತರದಲ್ಲಿ ಸಾವಿರಕ್ಕೆ ಸುಮಾರು ಎಂಟು ಮಂದಿಗೆ ಈ ಕಾಯಿಲೆ ಕಂಡುಬಂದರೆ, ದಕ್ಷಿಣದಲ್ಲಿ ಅದು ತೀರ ವಿರಳವಾಗಿತ್ತು. ಕಾಯಿಲೆಗೆ ಎಡೆಮಾಡುವ ಆನುವಂಶಿಕ ಗುಣವೋ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು! ಎದ್ದು ಕಂಡ ಅಂತರ ತಿನ್ನುವ ಗೋಧಿಯ ಪ್ರಮಾಣದಲ್ಲಿ. ಅಂದರೆ ಗೋಧಿ ಕಡಿಮೆ ತಿನ್ನುವ ನಮ್ಮ ಕಡೆ ಈ ರೋಗ ಅಪರೂಪ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಇಂಥ ಲಕ್ಷಣಗಳಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು, ಅನಂತರ ಗೋಧಿ ಬಿಡಬೇಕು. ಮೊದಲೇ ಬಿಟ್ಟುಬಿಟ್ಟರೆ ಪರೀಕ್ಷೆಯಲ್ಲಿ ರೋಗ ಸಿಕ್ಕಿಬೀಳದೆ ಹೋಗಬಹುದು.

ಉಳಿದವರ ಮಾತೇನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳನ್ನು ನೋಡಿ. ನೂರು ಗ್ರಾಂ ಇಡೀ ಗೋಧಿಹಿಟ್ಟಿನಲ್ಲಿ ನಾರಿನಂಶ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10. ಆದರೆ ಮೈದಾದಲ್ಲಿ ಮೂರು ಗ್ರಾಂ ಕೂಡ ಇಲ್ಲ. ಆರೋಗ್ಯವಂತರ ಪಾಲಿಗೆ ಅಪರಾಧಿ ಗೋಧಿಯಲ್ಲ, ತೌಡು ಕಳೆದುಕೊಂಡ ಮೈದಾ. ಬೆಳಗಿನ ಬಿಸ್ಕತ್ತಿನ ಬದಲು ರೊಟ್ಟಿ ತಿಂದವರಿಗೆ ಮೈ ಹಗುರಾದರೆ, ಆ ಕೀರ್ತಿ ಗೋಧಿ ಬಿಟ್ಟದ್ದಕ್ಕಿಂತ ಬಿಸ್ಕತ್ತು ಬಿಟ್ಟದ್ದಕ್ಕೆ ಹೆಚ್ಚು ಸಲ್ಲಬೇಕು ಎಂದು ನನ್ನ ಎಣಿಕೆ.

ಹಾಗೆಂದು ಜೋಳವೊಂದನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಜೋಳವೇ ಮುಖ್ಯ ಆಹಾರವಾಗಿದ್ದ ಹೈದರಾಬಾದ್ ಸುತ್ತಲಿನ ಬಡಜನರಲ್ಲಿ ಪೆಲಾಗ್ರಾ ಎಂಬ ರೋಗ ಕಂಡದ್ದನ್ನು ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು 1960ರಲ್ಲಿ ವರದಿ ಮಾಡಿದ್ದರು. ರೊಟ್ಟಿಯ ಜೊತೆಗೆ ಹೆಸರು, ಮಡಕಿ, ಅಲಸಂದಿಯಂಥ ಕಾಳು, ಸೊಪ್ಪು, ಮಜ್ಜಿಗೆ ಇದ್ದಾಗಲೇ ಅದು ಪೂರ್ಣ ಊಟ. ನವಣೆ, ಸಾವೆಗಳನ್ನೂ ಸೇರಿಸಿಕೊಳ್ಳಬಹುದು. ಮೋಟೆಬೆನ್ನೂರಿನಿಂದ ರಾಣೇಬೆನ್ನೂರಿನ ದಿಕ್ಕಿಗೆ ಹೋದರೆ ಸಿಗುವ ಹನುಮನಮಟ್ಟಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಕಿರುಧಾನ್ಯಗಳ ಮೇಲೆ ಕೆಲಸ ನಡೆದಿದೆ.

ಅಂಗಡಿಯ “ಸಿರಿಧಾನ್ಯ ಬಿಸ್ಕತ್ತು” ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿ. ಅಲ್ಲಿ ಸಾಮಗ್ರಿಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದರೆ ಮುಂಬದಿಯ ಚಿತ್ರಕ್ಕೆ ಬೆಲೆ ಕೊಡಬೇಕಾಗಿಲ್ಲ.

ನಿಮ್ಮ ತರಗತಿಯಲ್ಲಿ ಅಥವಾ ಮನೆಯಲ್ಲಿ ಸೀಲಿಯಾಕ್ ಕಾಯಿಲೆಯವರಿದ್ದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅವರಿಗೆ ಜವೆ ಗೋಧಿಯೂ ಸಲ್ಲದು, ಅದರಲ್ಲಿಯೂ ಗ್ಲುಟೆನ್ ಇದೆ. ಒಗ್ಗರಣೆಯ ಹಿಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಅದರ ಹಿಟ್ಟಿಗೂ ಗೋಧಿ ಸೇರುತ್ತದೆ. ಅವರ ಜೋಳವನ್ನು ಮನೆಯಲ್ಲಿಯೇ ಬೇರೆಯಾಗಿ ಬೀಸಿಕೊಳ್ಳಬೇಕು, ಇಲ್ಲವೆ ಗೋಧಿ ಮುಟ್ಟದ ಗಿರಣಿಯನ್ನು ಹುಡುಕಿಕೊಳ್ಳಬೇಕು.